ಒಳಗೆ ಮಲಗಿದ್ದವಳು

ನವೆಂಬರ್ ೧೮, ಭಾನುವಾರ

ಪ್ರೀತಿಯ ಪುಟ್ಟಿಗೆ,

ಅಕ್ಕನ ನೆನಪುಗಳು. ನಿನ್ನ ಎರಡೂ ಕಾಗದಗಳು ಬಂದು ಸೇರಿವೆ. ಮೊದಲನೆಯದಕ್ಕೆ ಉತ್ತರ ಬರೆಯಬೇಕು ಅಂದುಕೊಳ್ಳುವಷ್ಟರಲ್ಲಿ ಎರಡನೆಯದು ಬಂತು. ಅದಕ್ಕೂ ಉತ್ತರಿಸದೆ ಇಷ್ಟು ದಿನ ಸುಮ್ಮನೆ ಕೂತೆ. ಕಣ್ಣಿನ ಆಪರೇಷನ್ ಮಾಡಿಸಿಕೊಂಡು, ಒಂದು ಕಣ್ಣು ಮುಚ್ಚಿಕೊಂಡೇ ಓರೆಕೋರೆ ಅಕ್ಷರದಲ್ಲಿ ಬರೆದ ತಂಗಿಗೆ ನಾಲ್ಕು ಸಾಲು ಹಾಕದ ಅಕ್ಕ ಎಂಥವಳು ಅಂತ ನೀನು ಬೈದುಕೊಂಡಿರುತ್ತೀಯ. ಬೈದುಕೋ, ನಿನಗೆ ಆ ಹಕ್ಕಿದೆ. ಈಗ ಕಣ್ಣು ಹೇಗಿದೆ? ಬೆಳಕು ಚುಚ್ಚುವುದು ನಿಂತಿತೇ? ಬಗ್ಗಿ ಭಾರ ಎತ್ತಬೇಡ ಅಂದಿದ್ದಾರೆ ಅಂತ ಬರೆದಿದ್ದೀಯ. ನಿನ್ನ ಯಜಮಾನರಿಗೆ ಅದನ್ನು ದಿನಾ ನೆನಪಿಸುತ್ತಿರು. ಅವರು ಒಳ್ಳೆಯವರೇ, ಆದರೆ ಹೇಳದಿದ್ದರೆ ಅವರಿಗೇನೂ ಕಾಣಿಸುವುದಿಲ್ಲ.

ತಡವಾಗಿದ್ದಕ್ಕೆ ಅಂಗಡಿಯ ಕೆಲಸದ ನೆಪ ಹೇಳಬಹುದಿತ್ತು. ಲಾರಿಗಳ ಹೊದಿಕೆ, ಅಂಗಡಿಗಳ ಮುಂದಿನ ಬಿಸಿಲು ಪರದೆ, ವ್ಯಾನಿನ ಸೀಟು ಕವರು, ಒಂದಲ್ಲ ಒಂದು ನನ್ನ ಮೆಶೀನಿನ ಕೆಳಗೆ ಇದ್ದೇ ಇರುತ್ತದೆ. ಆದರೆ ಕಾರಣ ಅದಲ್ಲ. ನಿನ್ನ ಎರಡನೆಯ ಕಾಗದದಲ್ಲಿ ನೀನು ಬರೆದಿದ್ದೆ, ನೆನಪಿದೆಯಾ? “ಭಾವನ ಸಾಹಸ ಪೇಪರಿನಲ್ಲಿ ಓದಿಸಿಕೊಂಡು ಕೇಳಿದೆ. ಡಾಕ್ಟರು ಅಳಬೇಡಿ ಅಂದಿದ್ದರೂ ಅಳು ಬಂತು. ಅಂಥ ಗಾಳಿಯಲ್ಲಿ ನಿನ್ನನ್ನು ಒಳಗೆ ಬೆಚ್ಚಗೆ ಮಲಗಿಸಿ ಒಬ್ಬರೇ ದೋಣಿ ತಂದರಂತಲ್ಲ, ನೀನು ಪುಣ್ಯವಂತೆ ಅಕ್ಕ.”

ಅದನ್ನು ಓದಿ ಕಾಗದ ಮಡಿಸಿಟ್ಟೆ. ಆಮೇಲೆ ನಿನಗೆ ಏನು ಬರೆಯಲು ಕೂತರೂ ಸುಳ್ಳು ಬರೆದ ಹಾಗಾಗುತ್ತಿತ್ತು. ಫೋನಿನಲ್ಲಿ ಹೇಳೋಣವೆಂದರೆ ನಮ್ಮ ಮನೆಯ ಫೋನು ನಿನ್ನ ಭಾವನ ಕುರ್ಚಿಯ ಪಕ್ಕದಲ್ಲೇ ಇದೆ. ಇವತ್ತು ಅವರು ಹೊರಗೆ ಹೋಗಿದ್ದಾರೆ. ಅದಕ್ಕೇ ಅಡುಗೆಮನೆಯ ಮೇಜಿನ ಮುಂದೆ ಕೂತು ಬರೆಯುತ್ತಿದ್ದೇನೆ.

ಒಳಗೆ ಮಲಗಿದ್ದವಳು ನಾನಲ್ಲ ಕಣೇ.

ಮೊದಲಿನಿಂದ ಹೇಳುತ್ತೇನೆ, ಇಲ್ಲದಿದ್ದರೆ ನಿನಗೆ ತಲೆಬುಡ ತಿಳಿಯುವುದಿಲ್ಲ. ಭಾವ ಸರ್ವೆ ಕಚೇರಿಯಿಂದ ರಿಟೈರ್ ಆದ ಮೇಲೆ ಮನೆಯಲ್ಲಿ ಹೇಗಿದ್ದರು ಅನ್ನುವುದು ನಿನಗೆ ಗೊತ್ತು. ಬೆಳಿಗ್ಗೆ ಎದ್ದು ಶೇವ್ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು, ಎಲ್ಲಿಗೂ ಹೋಗುವುದಿಲ್ಲ ಅನ್ನುವುದು ನೆನಪಾಗಿ ಕಿಟಕಿ ಹತ್ತಿರ ಕೂರುತ್ತಿದ್ದರು. ಜೀವನವಿಡೀ ಬೇರೆಯವರ ಜಮೀನಿನ ನಕ್ಷೆ ಬರೆದವರಿಗೆ ತಾವು ಎಲ್ಲಿಗೂ ಹೋಗಲಿಲ್ಲವಲ್ಲ ಅನ್ನುವ ಕೊರಗು. ಒಂದು ದಿನ ಬಂದರಿನ ಕಡೆ ವಾಕಿಂಗ್ ಹೋದವರು ಹಳೆಯ ಹಾಯಿದೋಣಿಯೊಂದನ್ನು ಕೊಂಡು ಬಂದರು. ಬೇರೆಯವರು ಹೂಕೋಸು ತಂದ ಹಾಗೆ ಹೇಳಿದರು, “ಒಂದು ದೋಣಿ ತಗೊಂಡೆ.”

ಸಣ್ಣ ದೋಣಿ. ಒಳಗೆ ಎರಡು ಕಿರಿದಾದ ಹಾಸಿಗೆ, ಒಂದು ಸ್ಟವ್ವು, ನಿಂತರೆ ತಲೆ ತಾಗುವ ಚಾವಣಿ. ಕೊಲ್ಲಿಯೊಳಗಿನ ಶಾಂತ ನೀರಿನಲ್ಲಿ ಸಂಜೆ ಹೊತ್ತು ಸುತ್ತಾಡಲು ಮಾಡಿದ್ದು. ನಿನ್ನ ಭಾವನಿಗೆ ಅಷ್ಟು ಸಾಲದು. ವರ್ಷಕ್ಕೆ ಒಂದೆರಡು ಸಲವಾದರೂ ದಡ ಕಾಣದಷ್ಟು ದೂರ, ಗಾಳಿ ಜೋರಾಗಿರುವ ಕಾಲದಲ್ಲೇ, ದೀಪಸ್ತಂಭದ ಬಂಡೆಯವರೆಗೆ ಹೋಗಿಬರಬೇಕು. “ತಣ್ಣಗಿರೋ ಸಮುದ್ರದಲ್ಲಿ ಯಾರು ಬೇಕಾದ್ರೂ ಹೋಗ್ತಾರೆ,” ಅಂದರು.

ದೋಣಿ ರಿಪೇರಿ ಶೆಡ್ಡಿನ ಮೇಸ್ತ್ರಿ ದೋಣಿಯನ್ನು ಒಂದು ಸುತ್ತು ಹಾಕಿ, ಅಲ್ಲಲ್ಲಿ ಗೆಣ್ಣಿನಿಂದ ಕುಟ್ಟಿ, “ದೋಣಿ ಒಳ್ಳೇದೇ ಸಾರ್. ಆದ್ರೆ ಹೊರಗಡೆ ಸಮುದ್ರ ಬೇರೆ. ಏನೇನು ಮುರೀಬಹುದೋ ಅದನ್ನೆಲ್ಲ ಇಲ್ಲೇ ಕಿತ್ತು ನೋಡ್ಬೇಕು. ಅಲ್ಲಿ ಮುರಿದ್ರೆ ನನ್ನ ಶೆಡ್ಡು ಇರಲ್ಲ,” ಅಂದ.

ಕಿತ್ತು ನೋಡುವುದರಲ್ಲೇ ಎರಡು ಬೇಸಿಗೆ ಹೋಯಿತು. ದೋಣಿ ಮಗುಚದ ಹಾಗೆ ಅಡಿಯಲ್ಲಿ ಕಬ್ಬಿಣದ ದೊಡ್ಡ ಭಾರ ಇರುತ್ತದೆ. ಅದನ್ನು ಹಿಡಿದಿರುವ ಬೋಲ್ಟುಗಳನ್ನು ಎಳೆದು ತೆಗೆದರೆ ನಡುವೆ ಸವೆದು ಪೆನ್ಸಿಲ್ಲಿನ ಹಾಗಾಗಿದ್ದವು. ಹಾಯಿಕಂಬವನ್ನು ನಾಲ್ಕೂ ಕಡೆಯಿಂದ ಹಿಡಿದ ಉಕ್ಕಿನ ತಂತಿಗಳು ಹೊರಗೆ ಹೊಳೆಯುತ್ತಿದ್ದರೂ ಬುಡದಲ್ಲಿ ಎಳೆ ಬಿಟ್ಟಿದ್ದವು. ಎಲ್ಲ ಹೊಸದಾಯಿತು. ಹಿಂಭಾಗದಲ್ಲಿ ಕೂರುವ ಕುಳಿಗೆ ಅಲೆ ನುಗ್ಗಿದರೆ ನೀರು ಬೇಗ ಹೋಗಲಿ ಅಂತ ತೂತುಗಳನ್ನು ದೊಡ್ಡದು ಮಾಡಿದರು. ಕಿಟಕಿಗಳಿಗೆ ದಪ್ಪ ಹಲಗೆ ಬಂತು, ನೀರೆತ್ತಲು ಇನ್ನೊಂದು ಕೈಪಂಪು ಬಂತು. ಒಳಗಿನ ಸ್ಟವ್ವು, ಬ್ಯಾಟರಿ, ಪಾತ್ರೆಯ ಡಬ್ಬಿ ಎಲ್ಲಕ್ಕೂ ಪಟ್ಟಿ ಕಟ್ಟಿದೆವು. “ದೋಣಿ ತಲೆಕೆಳಗಾದ್ರೆ ನಿಮ್ಮ ಸ್ಟವ್ವೇ ನಿಮ್ಮ ತಲೆ ಒಡೆಯುತ್ತೆ,” ಅಂತ ಮೇಸ್ತ್ರಿ ಬಹಳ ಖುಷಿಯಿಂದ ಹೇಳುತ್ತಿದ್ದ.

ಬಟ್ಟೆಯ ಕೆಲಸವೆಲ್ಲ ನನ್ನ ಪಾಲಿಗೆ. ದೊಡ್ಡ ಹಾಯಿಯನ್ನು ಬಿಚ್ಚಿ, ಜೋರು ಗಾಳಿಯಲ್ಲಿ ಮಡಿಸಿ ಚಿಕ್ಕದು ಮಾಡಲು ಬರುವ ಹಾಗೆ ಅಡ್ಡಲಾಗಿ ಕಟ್ಟುದಾರಗಳ ಇನ್ನೆರಡು ಸಾಲು ಹಾಕಿದೆ. ಇನ್ನು ಬಿರುಗಾಳಿ ಹಾಯಿ ಅಂತ ಬೇರೆಯದೇ ಇರುತ್ತದೆ. ಪುಟ್ಟದು, ದಪ್ಪನೆಯದು, ದೂರಕ್ಕೆ ಕಾಣಲಿ ಅಂತ ಕಿತ್ತಳೆ ಬಣ್ಣ. ಅದರ ಮೂಲೆಗಳಲ್ಲಿ ಎಷ್ಟು ಪದರ ಬಟ್ಟೆ ಇಟ್ಟಿದ್ದೆನೆಂದರೆ ಮೆಶೀನಿನ ಸೂಜಿ ಪಟಪಟ ಮುರಿಯಿತು. ಅಂಗೈಗೆ ಚರ್ಮ ಕಟ್ಟಿಕೊಂಡು ಕೈಯಲ್ಲೇ ಚುಚ್ಚಿದೆ. ಇಬ್ಬರಿಗೂ ಸೊಂಟಪಟ್ಟಿ ಹೊಲಿದೆ. ಅದಕ್ಕೊಂದು ಗಟ್ಟಿ ಹಗ್ಗ, ತುದಿಯಲ್ಲಿ ಕೊಂಡಿ. ದೋಣಿಯ ಉದ್ದಕ್ಕೂ ಹಾಸಿದ ಪಟ್ಟಿಗೆ ಅದನ್ನು ಸಿಕ್ಕಿಸಿಕೊಂಡರೆ ಅಲೆ ಹೊಡೆದರೂ ನೀರುಪಾಲಾಗುವುದಿಲ್ಲ.

ಪುಟ್ಟಿ, ಒಂದು ಮಾತು ಹೇಳಲೇಬೇಕು. ಆ ಎರಡು ವರ್ಷ ನಾವು ಚೆನ್ನಾಗಿದ್ದೆವು. ಮದುವೆಯಾದಾಗಿನಿಂದ ಊಟದ ಹೊತ್ತಿನಲ್ಲಿ “ಉಪ್ಪು ಕೊಡು” ಅನ್ನುವುದರ ಆಚೆಗೆ ಮಾತಿರಲಿಲ್ಲ. ಈಗ ತಟ್ಟೆ ಒಣಗುವವರೆಗೂ ಕೂತು ಮಾತಾಡುತ್ತಿದ್ದೆವು. ಅವರು ಬರೆದ ಚಿತ್ರಗಳು ಗೋಡೆ ತುಂಬ. “ಈ ಮೂಲೆಗೆ ಎಳೆತ ಹೀಗೆ ಬರುತ್ತೆ, ನೋಡು,” ಅನ್ನುತ್ತಿದ್ದರು. “ಹಾಗಲ್ಲ, ಬಟ್ಟೆಯ ನೇಯ್ಗೆ ಅಡ್ಡ ಇದ್ದರೆ ಎಳೆತ ಹೀಗೆ,” ಅಂತ ನಾನು. ಒಪ್ಪಿಕೊಂಡು ಅಳಿಸಿ ಬರೆಯುತ್ತಿದ್ದರು. ನನ್ನ ಮಾತಿಗೆ ಅವರು ಅಳಿಸಿ ಬರೆದದ್ದನ್ನು ನಾನು ಮೊದಲು ನೋಡಿದ್ದೇ ಆಗ.

ರಜೆಯ ದಿನ ಮೇಸ್ತ್ರಿ ನಮ್ಮಿಬ್ಬರನ್ನೂ ಕೊಲ್ಲಿಯೊಳಗೆ ಕರೆದುಕೊಂಡು ಹೋಗಿ ಕಲಿಸುತ್ತಿದ್ದ. ನಿನ್ನ ಭಾವ ಗಾಳಿಯ ಜೊತೆ ವಾದ ಮಾಡುತ್ತಿದ್ದರು, ಪುಸ್ತಕದಲ್ಲಿ ಹೀಗಿದೆ ಅಂತ. ನನಗೆ ಅದು ಸುಲಭವಾಗಿ ಬಂತು. ಚುಕ್ಕಾಣಿಯ ಹಿಡಿ ಕೈಯಲ್ಲಿದ್ದರೆ ಹಾಯಿ ಎಲ್ಲಿ ಬಿಗಿದಿದೆ, ಎಲ್ಲಿ ಸಡಿಲಾಗಿದೆ ಅಂತ ನನ್ನ ಬೆರಳಿಗೇ ಗೊತ್ತಾಗುತ್ತಿತ್ತು. ಮೇಸ್ತ್ರಿ ಒಂದು ದಿನ, “ಅಕ್ಕ, ನಿಮ್ಮ ಕೈ ಚೆನ್ನಾಗಿದೆ,” ಅಂದ. ನಿನ್ನ ಭಾವ ನಕ್ಕು, “ಅವಳದು ಹೊಲಿಗೆ ಕೈ ಅಲ್ವಾ,” ಅಂದರು. ನಾನೂ ನಕ್ಕೆ.

ಈಗ ಆ ದಿನದ ವಿಷಯ.

ಕಳೆದ ಗಾಳಿಗಾಲದ ಮೊದಲಲ್ಲಿ, ಬೆಳಕು ಹರಿದ ಮೇಲೆ ಹೊರಟೆವು. ಗಾಳಿ ಜೋರಿರುತ್ತದೆ, ಆದರೆ ಒಂದೇ ಸಮ ಇರುತ್ತದೆ ಅಂತ ರೇಡಿಯೋದಲ್ಲಿ ಹೇಳಿದ್ದರು. ಹೋಗುವಾಗ ಚೆನ್ನಾಗಿತ್ತು. ಬೆನ್ನ ಹಿಂದೆ ಗಾಳಿ, ದೋಣಿ ಅಲೆಯ ಮೇಲೆ ಜಾರಿಕೊಂಡು ಹೋಗುತ್ತಿತ್ತು. ಭಾವ ಚುಕ್ಕಾಣಿ ಹಿಡಿದು ಮಗಳು ಕಳಿಸಿದ್ದ ಟೋಪಿ ಹಾಕಿಕೊಂಡು ರಾಜನ ಹಾಗಿದ್ದರು. ದೀಪಸ್ತಂಭದ ಬಂಡೆ ಕಂಡಿತು, ಸುತ್ತು ಹಾಕಿ ತಿರುಗಿದೆವು. ತಿರುಗಿದ ಮೇಲೆ ಗೊತ್ತಾಯಿತು ನಾವು ಎಂಥ ಗಾಳಿಯಲ್ಲಿದ್ದೇವೆ ಅಂತ. ಅಷ್ಟು ಹೊತ್ತು ಬೆನ್ನು ತಟ್ಟುತ್ತಿದ್ದದ್ದು ಈಗ ಕೆನ್ನೆಗೆ ಹೊಡೆಯತೊಡಗಿತು. ಅದರ ಜೊತೆಗೆ ಗಾಳಿಯೂ ಏರುತ್ತಾ ಹೋಯಿತು. ಅಲೆಗಳ ನೆತ್ತಿ ಹರಿದು ಹೊಗೆಯ ಹಾಗೆ ಹಾರುತ್ತಿತ್ತು.

“ಹಾಯಿ ಚಿಕ್ಕದು ಮಾಡೋಣ,” ಅಂದೆ.

“ಇನ್ನೂ ತಡೆಯುತ್ತೆ,” ಅಂದರು.

ಆಗಲೇ ಒಂದು ಹೊಡೆತ ಬಂತು. ದೋಣಿ ಪಕ್ಕಕ್ಕೆ ಮಲಗಿತು. ಹಾಯಿಯ ಅಂಚು ನೀರಿಗೆ ತಾಗಿದ್ದನ್ನು ನಾನು ಕಣ್ಣಾರೆ ಕಂಡೆ. ಕೂತ ಕುಳಿಯ ತುಂಬ ನೀರು. ಅಡಿಯ ಭಾರ ಎಳೆದುಕೊಂಡು ದೋಣಿ ಮೆಲ್ಲಗೆ ಎದ್ದಿತು, ನೀರು ಗುಳುಗುಳು ಹೊರಗೆ ಹೋಯಿತು. ನೋಡಿದರೆ ಭಾವನ ಕೈಯಲ್ಲಿ ಚುಕ್ಕಾಣಿ ಇಲ್ಲ. ನಾನು ಹಾರಿ ಹಿಡಿದುಕೊಂಡೆ. ಅವರ ಮುಖ ಒಗೆದ ಬಟ್ಟೆಯ ಹಾಗಿತ್ತು.

“ನಕ್ಷೆ ನೋಡಿ ಬರ್ತೀನಿ,” ಅಂದರು. ಕೊಂಡಿ ಬಿಚ್ಚಿ ಒಳಗೆ ಇಳಿದರು.

ಬರಲಿಲ್ಲ.

ನಾನು ಕೂಗಿದೆ. “ಹೊರಗೆ ಬನ್ನಿ, ಹಾಯಿ ಮಡಿಸ್ಬೇಕು, ಒಬ್ಬಳ ಕೈಲಾಗಲ್ಲ.” ಒಳಗಿನಿಂದ, “ನೋಡ್ತಿದೀನಿ, ನೋಡ್ತಿದೀನಿ,” ಅನ್ನುವ ದನಿ ಬಂತು. ಆಮೇಲೆ ಅದೂ ನಿಂತಿತು.

ಮೇಸ್ತ್ರಿ ಕಲಿಸಿದ್ದ ಒಂದು ಉಪಾಯವಿತ್ತು. ದೋಣಿಯ ಮುಂಭಾಗದ ಚಿಕ್ಕ ಹಾಯಿಯನ್ನು ಗಾಳಿಗೆ ಹಿಮ್ಮುಖವಾಗಿ ಎಳೆದು ಕಟ್ಟಿ, ಚುಕ್ಕಾಣಿಯನ್ನು ಒಂದು ಬದಿಗೆ ಬಿಗಿದುಬಿಟ್ಟರೆ ದೋಣಿ ಓಡುವುದನ್ನು ಬಿಟ್ಟು ಹಟ ಹಿಡಿದ ಮಗು ಕೂತ ಹಾಗೆ ಕೂತುಬಿಡುತ್ತದೆ. ಹಾಗೇ ಮಾಡಿದೆ. ಒಂದಿಷ್ಟು ಉಸಿರಾಡಲು ಅವಕಾಶವಾಯಿತು. ಆಮೇಲೆ ಕೊಂಡಿ ಸಿಕ್ಕಿಸಿಕೊಂಡು ಹೊಟ್ಟೆಯ ಮೇಲೆ ತೆವಳುತ್ತಾ ಕಂಬದವರೆಗೆ ಹೋದೆ. ಈ ವಯಸ್ಸಿನಲ್ಲಿ, ಈ ಮಂಡಿ ಇಟ್ಟುಕೊಂಡು. ದೊಡ್ಡ ಹಾಯಿಯನ್ನು ಇಳಿಸಿ, ಮಡಿಸಿ, ನಾನೇ ಹಾಕಿದ್ದ ದಾರಗಳಿಂದ ಕಟ್ಟಿದೆ. ಮುಂದಿನ ಹಾಯಿಯನ್ನು ಕಿತ್ತು ಒಳಗೆ ತಳ್ಳಿ, ಅದರ ಜಾಗಕ್ಕೆ ಕಿತ್ತಳೆ ಹಾಯಿ ಏರಿಸಬೇಕು. ತಳ್ಳುವಾಗ ನಿನ್ನ ಭಾವ ಕಂಡರು. ಹಾಸಿಗೆಯ ಮೇಲೆ ಮಂಡಿ ಮಡಿಸಿಕೊಂಡು, ಮುಖ ಗೋಡೆಗೆ ತಿರುಗಿಸಿ ಮಲಗಿದ್ದರು. “ಇದನ್ನ ಸ್ವಲ್ಪ ಎಳ್ಕೊಳ್ಳಿ,” ಅಂದೆ. ಎಳೆದುಕೊಳ್ಳಲಿಲ್ಲ. ಒದ್ದೆ ಹಾಯಿ ಅವರ ಕಾಲ ಮೇಲೆಯೇ ಬಿತ್ತು. ಅವರು ಕಾಲನ್ನೂ ಸರಿಸಲಿಲ್ಲ.

ನಾನು ಅದಕ್ಕೆ ಅವರನ್ನು ಹಳಿಯುವುದಿಲ್ಲ ಪುಟ್ಟಿ. ನಾನೂ ಹೆದರಿದ್ದೆ. ಕಿತ್ತಳೆ ಹಾಯಿಯ ಹಗ್ಗಕ್ಕೆ ಗಂಟು ಹಾಕುವಾಗ ನನ್ನ ಹಲ್ಲು ಒಂದಕ್ಕೊಂದು ಬಡಿಯುತ್ತಿದ್ದವು. ದೇಹ ಯಾವಾಗ ಕೈಕೊಡುತ್ತದೆ ಅಂತ ಯಾರು ಹೇಳಬಲ್ಲರು? ಅವತ್ತು ಅವರದು ಕೈಕೊಟ್ಟಿತು, ನನ್ನದು ಕೊಡಲಿಲ್ಲ, ಅಷ್ಟೇ.

ಆಮೇಲೆ ಮಧ್ಯಾಹ್ನ ಪೂರ್ತಿ ನಾನೇ ನಡೆಸಿದೆ. ಯಾರಿಗೂ ಹೇಳದ್ದನ್ನು ನಿನಗೆ ಹೇಳುತ್ತಿದ್ದೇನೆ. ಒಂದು ಹೊತ್ತಾದ ಮೇಲೆ ಭಯ ಹೋಯಿತು. ದೋಣಿಯ ಲಯ ಸಿಕ್ಕಿತು. ಅಲೆ ಬಂದಾಗ ಸ್ವಲ್ಪ ಮೇಲಕ್ಕೆ ತಿರುಗಿಸುವುದು, ಅದರ ಬೆನ್ನು ಹತ್ತಿದ ಮೇಲೆ ಸ್ವಲ್ಪ ಕೆಳಕ್ಕೆ ಬಿಡುವುದು. ಮೇಲೆ ನೋಡಿದರೆ ನಾನು ಹೊಲಿದ ಹಾಯಿ ಬಿಗಿದು ನಿಂತಿದೆ, ಒಂದು ಹೊಲಿಗೆಯೂ ಬಾಯಿ ಬಿಟ್ಟಿಲ್ಲ. ನಾನು ಜೋರಾಗಿ ಕೂಗಾಡಿದೆ. ಇಷ್ಟು ವರ್ಷ ನಾಲಿಗೆ ತುದಿಗೆ ಬಂದು ನುಂಗಿಕೊಂಡ ಬೈಗುಳವನ್ನೆಲ್ಲ ಆ ಗಾಳಿಗೆ ಬೈದೆ. ನಮ್ಮ ಅತ್ತೆಯವರಿಗೂ ಒಂದೆರಡು ಸಂದವು. ಬೈದು ಬೈದು ನಗು ಬಂತು. ಒದ್ದೆಯಾಗಿ, ಚಳಿಯಲ್ಲಿ ನಡುಗುತ್ತಾ, ಒಬ್ಬಳೇ ನಗುತ್ತಿದ್ದೆ. ನನ್ನ ಬದುಕಿನಲ್ಲಿ ನಾನು ಪೂರ್ತಿಯಾಗಿ ಎಚ್ಚರವಾಗಿದ್ದ ದಿನ ಯಾವುದು ಅಂತ ಕೇಳಿದರೆ ಅದನ್ನೇ ಹೇಳುತ್ತೇನೆ.

ಬಂದರಿನ ಕಲ್ಲುಗೋಡೆಯ ಮರೆಗೆ ಬಂದ ಕೂಡಲೇ ಗಾಳಿ ಇಳಿಯಿತು, ನೀರು ಚಪ್ಪಟೆಯಾಯಿತು. ದೋಣಿ ನೆಟ್ಟಗಾದದ್ದು ಅವರಿಗೆ ಒಳಗೇ ಗೊತ್ತಾಗಿರಬೇಕು. ಹೊರಗೆ ಬಂದರು. ಮುಖ ತೊಳೆದುಕೊಂಡು, ಟೋಪಿ ಸರಿಮಾಡಿಕೊಂಡಿದ್ದರು. ಏನಾದರೂ ಹೇಳುತ್ತಾರೆ ಅಂದುಕೊಂಡೆ.

“ಕೊಡು, ಇನ್ಮೇಲೆ ನಾನು ಹಿಡೀತೀನಿ. ನೀನು ದಣಿದಿದೀಯ,” ಅಂದರು.

ಕೊಟ್ಟೆ. ನಿಜವಾಗಿ ದಣಿದಿದ್ದೆ. ಒಳಗೆ ಇಳಿದು ಆ ಒದ್ದೆ ಹಾಯಿಯ ಮೇಲೆಯೇ ಕೂತೆ.

ನಾವು ತಡವಾಗಿದ್ದಕ್ಕೆ ಕಟ್ಟೆಯ ಮೇಲೆ ಜನ ಸೇರಿದ್ದರು. ಮೇಸ್ತ್ರಿ ಇದ್ದ. ಹಲ್ಲಿನ ಡಾಕ್ಟರು ಇದ್ದರು. ಹಾಯಿದೋಣಿ ಕ್ಲಬ್ಬಿಗೆ ಅವರು ಹೊಸಬರು, ಎಲ್ಲದಕ್ಕೂ ಉತ್ಸಾಹ. ಅವರಿಗೆಲ್ಲ ಕಂಡದ್ದು ಚುಕ್ಕಾಣಿ ಹಿಡಿದು ಒಳಗೆ ಬರುತ್ತಿದ್ದ ನಿನ್ನ ಭಾವ. “ಈ ಗಾಳೀಲಿ ಹೇಗೆ ತಂದ್ರಿ ಸಾರ್?” ಅಂತ ಡಾಕ್ಟರು ಕೇಳಿದರು. ನಾನು ಬಾಗಿಲಲ್ಲಿ ತಲೆ ಹೊರಗೆ ಹಾಕಿದ್ದೆ, ಭಾವ ನನ್ನನ್ನು ನೋಡಿದರು. ಆಮೇಲೆ ಅತ್ತ ತಿರುಗಿ, “ದೋಣಿ ಚೆನ್ನಾಗಿ ತಯಾರಾಗಿತ್ತು,” ಅಂದರು.

ಅದು ಸುಳ್ಳಲ್ಲ, ನೋಡು. ಆದರೆ ಆ ವಿನಯ ಕಂಡು ಎಲ್ಲರಿಗೂ ಅವರ ಮೇಲೆ ಇನ್ನೂ ಗೌರವ ಹೆಚ್ಚಾಯಿತು.

“ಅಮ್ಮಾವ್ರು ಹೆದರಿಬಿಟ್ಟಿರಬೇಕು,” ಅಂದರು ಯಾರೋ.

“ಪಾಪ, ಅವಳನ್ನ ಒಳಗೆ ಮಲಗಿಸಿದ್ದೆ,” ಅಂದರು ನಿನ್ನ ಭಾವ.

ಆಗ ಬಾಯಿ ತೆರೆಯಬೇಕಿತ್ತು ಅಂತ ನೀನು ಹೇಳುತ್ತೀಯ. ಕಟ್ಟೆಯ ಮೇಲೆ ಅಷ್ಟು ಜನರ ಮುಂದೆ ಗಂಡನನ್ನು ಹೇಗೆ ಬೀಳಿಸಲಿ? ಮನೆಗೆ ಹೋದ ಮೇಲೆ ಅವರೇ ಹೇಳುತ್ತಾರೆ, “ಏನೋ ಬಾಯಿಗೆ ಬಂತು, ತಪ್ಪಾಯ್ತು,” ಅನ್ನುತ್ತಾರೆ ಅಂದುಕೊಂಡೆ. ಮನೆಗೆ ಬಂದೆವು. ನನ್ನ ಎರಡೂ ಅಂಗೈ ಸುಲಿದಿದ್ದವು. ಅವರು ಔಷಧಿ ಅಂಗಡಿಗೆ ಹೋಗಿ ಮುಲಾಮು ತಂದು ಮೇಜಿನ ಮೇಲಿಟ್ಟರು, ಒಂದು ಮಾತೂ ಆಡಲಿಲ್ಲ. ಅಂಗೈ ಯಾಕೆ ಸುಲಿಯಿತು ಅಂತ ಗೊತ್ತಿಲ್ಲದವರು ಮುಲಾಮು ತರುತ್ತಾರೆಯೇ?

ದಿನ ಕಳೆದ ಹಾಗೆ ಕಥೆ ಬೆಳೆಯಿತು. ಮೊದಮೊದಲು ಬೇರೆಯವರು ಹೇಳುತ್ತಿದ್ದರು, ಅವರು ತಲೆ ಅಲ್ಲಾಡಿಸುತ್ತಿದ್ದರು. ಆಮೇಲೆ ತಾವೇ ಹೇಳತೊಡಗಿದರು. ತೆವಳಿಕೊಂಡು ಕಂಬದವರೆಗೆ ಹೋದದ್ದು, ಹಾಯಿ ಹಿಮ್ಮುಖ ಕಟ್ಟಿದ್ದು, ಹಲ್ಲು ಬಡಿದದ್ದು. ಅದೆಲ್ಲ ಅವರಿಗೆ ಹೇಗೆ ಗೊತ್ತಾಯಿತು ಅಂತ ಕೇಳಬೇಡ. ಆ ದಿನ ರಾತ್ರಿ ಮುಲಾಮು ಹಚ್ಚಿಕೊಳ್ಳುತ್ತಾ ನಾನೇ ಹೇಳಿದ್ದೆ, ಅವರು ಗೋಡೆ ನೋಡುತ್ತಾ ಕೇಳಿಸಿಕೊಂಡಿದ್ದರು. ಕೊನೆಗೆ ಈ ವರ್ಷ ಹಲ್ಲಿನ ಡಾಕ್ಟರು ಅದನ್ನು ಬರೆದು ಪೇಪರಿಗೆ ಕೊಟ್ಟರು, ಟೋಪಿಯ ಫೋಟೋ ಸಮೇತ. ಅದೇ ನಿನ್ನ ಕೈಗೆ ಬಂದದ್ದು. ಅಂಗಡಿಗೆ ಬರುವ ಗಿರಾಕಿಗಳು, “ನಿಮ್ಮೆಜಮಾನ್ರು ಗಟ್ಟಿಗರು ಬಿಡಿ,” ಅನ್ನುತ್ತಿದ್ದರು. ಅವರ ಲಾರಿ ಹೊದಿಕೆ ಅಳೆಯುತ್ತಾ ಹೂಂ ಅನ್ನುತ್ತಿದ್ದೆ.

ಮೇಸ್ತ್ರಿಗೆ ಮಾತ್ರ ಅನುಮಾನ ಬಂದಿತ್ತು ಅಂತ ಕಾಣುತ್ತದೆ. ಒಂದು ದಿನ ಶೆಡ್ಡಿನಲ್ಲಿ ನನ್ನ ಅಂಗೈ ನೋಡಿದ. ನೋಡಿ, “ಬಿಡಿ ಅಕ್ಕ, ದೋಣಿ ವಾಪಸ್ ಬಂತಲ್ಲ,” ಅಂದ. ಅವನಿಗೆ ದೋಣಿ ವಾಪಸ್ ಬಂದರೆ ಸಾಕು.

ಇದನ್ನೂ ಸಹಿಸಿಕೊಂಡಿರುತ್ತಿದ್ದೆ. ಆದರೆ ಈ ವರ್ಷ ಗಾಳಿಗಾಲ ಶುರುವಾಗುವ ಮುಂಚೆ ಕ್ಲಬ್ಬಿನವರು ಮನೆಗೆ ಬಂದರು. ಹೊಸದಾಗಿ ಕಲಿತವರನ್ನು ಕರೆದುಕೊಂಡು ಭಾವ ದೀಪಸ್ತಂಭದ ಬಂಡೆಗೆ ಹೋಗಬೇಕಂತೆ, ಅವರೇ ಮುಖ್ಯಸ್ಥರಂತೆ. ನಮ್ಮ ದೋಣಿಯಲ್ಲಿ ಅವರ ಜೊತೆ ಹಲ್ಲಿನ ಡಾಕ್ಟರು. ಭಾವ ಒಪ್ಪಿಕೊಂಡರು. ನಾನು ಅಡುಗೆಮನೆಯಲ್ಲಿ ನಿಂತು ಕೇಳುತ್ತಿದ್ದೆ. ಡಾಕ್ಟರಿಗೆ ಎರಡು ಸಣ್ಣ ಮಕ್ಕಳಿವೆ ಪುಟ್ಟಿ.

ಅವರೆಲ್ಲ ಹೋದ ಮೇಲೆ ಎದುರಿಗೆ ಕೂತೆ.

“ಹೋದ ಸಲದ ಹಾಗೇ ಗಾಳಿ ಬಂದ್ರೆ ಏನ್ಮಾಡ್ತೀರಿ?”

“ಹೋದ ಸಲ ಏನ್ಮಾಡಿದ್ನೋ ಅದೇ.”

“ಹೋದ ಸಲ ನೀವು ಒಳಗೆ ಮಲಗಿದ್ರಿ.”

“ನಕ್ಷೆ ನೋಡ್ತಿದ್ದೆ,” ಅಂದರು. “ದಾರಿ ಗೊತ್ತಿಲ್ದೆ ಸುಮ್ನೆ ಚುಕ್ಕಾಣಿ ಹಿಡ್ಕೊಂಡ್ರೆ ದಡ ಸಿಗುತ್ತಾ?”

ಅವರ ಮುಖ ನೋಡಿದೆ. ಅದರಲ್ಲಿ ಕಳ್ಳತನ ಇರಲಿಲ್ಲ. ಹೇಳಿ ಹೇಳಿ ಅವರೇ ನಂಬಿಬಿಟ್ಟಿದ್ದರು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

ಜಗಳಕ್ಕೆ ಹೋಗಲಿಲ್ಲ. ನನ್ನ ಕೈಲಾದಷ್ಟು ಇಳಿದು ಕೇಳಿದೆ. “ನಾನೂ ಬರ್ತೀನಿ. ಗಾಳಿ ಏರಿದ್ರೆ ಚುಕ್ಕಾಣಿ ನಂಗೆ ಕೊಡಿ. ಬಂದ್ಮೇಲೆ ನೀವೇ ತಂದ್ರಿ ಅಂತ ಹೇಳ್ಕೊಳ್ಳಿ, ನಾನು ಬಾಯಿ ಬಿಡಲ್ಲ. ಬೇಕಿದ್ರೆ ಕಲ್ಲುಗೋಡೆ ಹತ್ರ ಬಂದಾಗ ನಿಮ್ಮ ಕೈಗೇ ಕೊಡ್ತೀನಿ.”

ಅಷ್ಟಕ್ಕೆ ಇಳಿದೆ ನೋಡು. ಅವರ ಸುಳ್ಳನ್ನು ನಾನೇ ಕಾಪಾಡಿಕೊಡುತ್ತೇನೆ ಅಂದೆ, ಇನ್ನೊಂದು ಸಲ ಆ ಹಿಡಿ ಕೈಗೆ ಸಿಗಲಿ ಅಂತ.

“ಡಾಕ್ಟರ ಎದುರಿಗೆ?” ಅಂದರು. ಅಷ್ಟೇ ಅಂದದ್ದು. ಎದ್ದು ಹೋದರು.

“ಹಾಗಿದ್ರೆ ಡಾಕ್ಟರಿಗೆ ನಾನೇ ಹೇಳ್ತೀನಿ,” ಅಂತ ಬೆನ್ನಿಗೆ ಹೇಳಿದೆ.

ಅದಾದ ವಾರದೊಳಗೆ ದೋಣಿ ಮಾರಿಬಿಟ್ಟರು. ನನ್ನನ್ನು ಕೇಳಲಿಲ್ಲ. ಕೊಂಡುಕೊಂಡವರು ಆ ಹಲ್ಲಿನ ಡಾಕ್ಟರೇ. ಮೇಸ್ತ್ರಿಯನ್ನು ಜೊತೆಗೆ ಇಟ್ಟುಕೊಂಡು ಹೋಗುತ್ತಾರಂತೆ, ಅಷ್ಟರ ಮಟ್ಟಿಗೆ ನನಗೆ ಸಮಾಧಾನ. ಮಾರಿದ್ದಕ್ಕೆ ಭಾವ ಕೊಟ್ಟ ಕಾರಣ ಕ್ಲಬ್ಬಿನಲ್ಲೆಲ್ಲ ಹರಡಿದೆ. “ಅವಳಿಗೆ ಸಮುದ್ರ ಅಂದ್ರೆ ಭಯ. ಆ ದಿನದ ಮೇಲೆ ನಿದ್ದೆಯಲ್ಲೂ ಬೆಚ್ಚಿಬೀಳ್ತಾಳೆ. ಅವಳಿಗೋಸ್ಕರ ಬಿಟ್ಟೆ.”

ಹೆಂಡತಿಗಾಗಿ ಸಮುದ್ರ ಬಿಟ್ಟ ಗಂಡ ಅಂತ ಅವರಿಗೆ ಈಗ ಇನ್ನೊಂದು ಹೆಸರು. ಡಾಕ್ಟರು ಮನೆಗೇ ಬಂದು ನನಗೆ ಸಮಾಧಾನ ಹೇಳಿದರು. “ಬೇಜಾರು ಮಾಡ್ಕೋಬೇಡಿ ಅಮ್ಮ, ಸಮುದ್ರ ಎಲ್ಲರಿಗೂ ಆಗಿಬರಲ್ಲ.” ನಿನ್ನ ಭಾವ ಪಕ್ಕದ ಕುರ್ಚಿಯಲ್ಲೇ ಇದ್ದರು, ಚಹಾ ಆರಿಸಿಕೊಳ್ಳುತ್ತಾ.

ಮೊನ್ನೆ ಆ ಡಾಕ್ಟರು ಹಾಯಿಗಳನ್ನೆಲ್ಲ ಹೊತ್ತುಕೊಂಡು ಅಂಗಡಿಗೆ ಬಂದರು, ಹೊಲಿಗೆ ಒಮ್ಮೆ ನೋಡಿಕೊಡಬೇಕು, ಸೊಂಟಪಟ್ಟಿಯನ್ನು ತಮ್ಮ ಅಳತೆಗೆ ದೊಡ್ಡದು ಮಾಡಿಕೊಡಬೇಕು ಅಂತ. ಅದು ನನ್ನ ಅಳತೆಗೆ ಹೊಲಿದದ್ದು. ಬಿಚ್ಚಿ ದೊಡ್ಡದು ಮಾಡಿಕೊಟ್ಟೆ. ಹಾಗೇ ಕೂರಿಸಿಕೊಂಡು ಎಲ್ಲ ಹೇಳಿದೆ. ದಾರ ಕಟ್ಟುವಾಗ ಯಾವ ಮೂಲೆ ಮೊದಲು, ಕಿತ್ತಳೆ ಹಾಯಿಯನ್ನು ಎಷ್ಟು ಬಿಗಿ ಮಾಡಬೇಕು, ಗಾಳಿ ಕೂಗುವ ದನಿ ಬದಲಾದ ಕೂಡಲೇ ಹಾಯಿ ಇಳಿಸಬೇಕು, ಇನ್ನೂ ತಡೆಯುತ್ತೆ ಅಂತ ಕಾಯಬಾರದು. ಆ ಮನುಷ್ಯನ ಜೀವದ ಮೇಲೆ ನನ್ನ ಸಿಟ್ಟು ತೀರಿಸಿಕೊಳ್ಳಲಾಗುತ್ತದೆಯೇ? ಅವರು ಬಾಯಿ ಬಿಟ್ಟುಕೊಂಡು ಕೇಳಿದರು. ನಿಜ ಹೇಳಿಬಿಡಲೇ ಅಂತ ನಾಲಿಗೆಯವರೆಗೆ ಬಂತು. ಇನ್ನು ಹೇಳಿ ಯಾರ ಜೀವ ಉಳಿಸಬೇಕಾಗಿದೆ ಅನ್ನಿಸಿತು. ನಂಬುತ್ತಾರೆಂಬ ಭರವಸೆಯೂ ಇರಲಿಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು, “ಸಾರ್ ಎಷ್ಟು ಚೆನ್ನಾಗಿ ಕಲಿಸಿದಾರೆ ನಿಮಗೆ,” ಅಂದರು.

ಸಾಕು. ಕಾಗದ ಉದ್ದವಾಯಿತು, ನಿನ್ನ ಕಣ್ಣಿಗೆ ಆಯಾಸ. ಒಂದೇ ಸಲ ಓದಬೇಡ, ನಿಲ್ಲಿಸಿ ನಿಲ್ಲಿಸಿ ಓದು. ಬೇರೆಯವರ ಕೈಲಿ ಓದಿಸಬೇಡ. ನಿನ್ನ ಯಜಮಾನರಿಗೆ ನಮಸ್ಕಾರ ಹೇಳು. ಇನ್ನೊಂದು ಕಣ್ಣಿನ ಆಪರೇಷನ್ನಿಗೆ ದಿನ ಗೊತ್ತಾದ ಕೂಡಲೇ ತಿಳಿಸು, ಈ ಸಲ ಅಂಗಡಿ ಮುಚ್ಚಿ ನಾನೇ ಬಂದು ನಿನ್ನ ಪಕ್ಕ ಕೂರುತ್ತೇನೆ. ನಿನಗೂ ನಿನ್ನ ಮಕ್ಕಳಿಗೂ ಒಳ್ಳೆಯದಾಗಲಿ, ನೆಮ್ಮದಿಯ ನಿದ್ದೆ ಬರಲಿ, ಕಣ್ಣು ನಿಚ್ಚಳವಾಗಲಿ.

ನಿನ್ನ
ಅಕ್ಕ

ಮರೆತ ಮಾತು: ಮರೆತಿದ್ದೆ ಅಂತ ಬರೆಯುತ್ತಿದ್ದೇನೆ, ಮರೆತಿರಲಿಲ್ಲ. ದೋಣಿ ಮಾರಿದ ಮೇಲೆ ಮಗಳು ಬಂದಿದ್ದಳು. ಅವಳಾದರೂ ತಿಳಿದುಕೊಳ್ಳಲಿ ಅಂತ, ಒಣಗಿದ ಬಟ್ಟೆ ಮಡಿಸುತ್ತಾ ಇದೆಲ್ಲ ಹೇಳಿದೆ. ಅವಳು ಮಡಿಸುವುದನ್ನು ನಿಲ್ಲಿಸಲಿಲ್ಲ. “ನಂಗೊತ್ತಮ್ಮ,” ಅಂದಳು. ಆ ಗಾಳಿಯ ದಿನ ಮನೆಗೆ ಬಂದ ಮೇಲೆ ನಾನು ಸ್ನಾನಕ್ಕೆ ಹೋಗಿದ್ದಾಗ ಅಪ್ಪ ಅವಳಿಗೆ ಫೋನ್ ಮಾಡಿದ್ದರಂತೆ. ಬಿಕ್ಕಿ ಬಿಕ್ಕಿ ಅತ್ತರಂತೆ. ನಿಮ್ಮಮ್ಮ ಇಲ್ಲದಿದ್ದರೆ ನಾನು ಸಮುದ್ರದಲ್ಲೇ ಇರುತ್ತಿದ್ದೆ, ಅವಳಂಥವಳನ್ನು ನಾನು ನೋಡಿಲ್ಲ ಅಂದರಂತೆ. “ಮತ್ತೆ ಆ ಮಾತು ನಂಗ್ಯಾಕೆ ಹೇಳ್ಲಿಲ್ಲ ನಿಮ್ಮಪ್ಪ?” ಅಂತ ಕೇಳಿದೆ. “ಹೇಳೋಕೆ ಅಂತಲೇ ಇದ್ರಮ್ಮ. ನಾನೇ ಬೇಡ ಅಂದೆ. ಕಟ್ಟೆ ಮೇಲೆ ಆಗ್ಲೇ ಎಲ್ಲ ಬೇರೆ ಥರ ಅಂದ್ಕೊಂಡಿದಾರೆ, ಹಾಗೇ ಇರ್ಲಿ ಬಿಡಿ, ನಿಮಗೆ ಒಂದು ಧೈರ್ಯ ಇರುತ್ತೆ ಅಂದೆ. ನೀನು ಗಟ್ಟಿ ಅಮ್ಮ. ನಿಂಗೆ ಇದೆಲ್ಲ ಏನೂ ಬೇಕಾಗಲ್ಲ ಅಂತ ನಾವಿಬ್ರೂ ಮಾತಾಡ್ಕೊಂಡ್ವಿ,” ಅಂದಳು.

ಬೇಕಿತ್ತು ಪುಟ್ಟಿ. ನನಗೂ ಬೇಕಿತ್ತು.